ನಂದಿದುರ್ಗದ ಹಳೆಯ ಯುದ್ಧಚಿತ್ರವನ್ನು ಮತ್ತೆ ತೆಗೆದ ನನ್ನ ಅನುಭವ

ಚಿಕ್ಕಬಳ್ಳಾಪುರದ ಸುತ್ತಿನ ಊರುಗಳಿಗೆ ಕೇಬಲ್ ಟಿವಿ ಹೊಸದಾಗಿ ಬಂದ ಕಾಲದಲ್ಲಿ ನಂದಿದುರ್ಗವನ್ನು, ಅಂದರೆ ನಂದಿಬೆಟ್ಟದ ಕೋಟೆಯನ್ನು, 1791ರಲ್ಲಿ ಇಂಗ್ಲಿಷರು ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ಮುತ್ತಿಗೆಯನ್ನು ಕುರಿತ ಒಂದು ವಿಡಿಯೊ ಚಿತ್ರ ಬಹಳ ಹೆಸರು ಮಾಡಿತ್ತು. ಮದುವೆ ಚಿತ್ರೀಕರಿಸುವ ಕ್ಯಾಮೆರಾದಲ್ಲಿ, ಕಂಪನಿ ನಾಟಕದ ಧಾಟಿಯಲ್ಲಿ ತೆಗೆದಿದ್ದ ಆ ಚಿತ್ರದ ಮಾತುಗಳನ್ನು ಬಾಯಿಪಾಠವಾಗಿ ಹೇಳುವವರು ಇಂದಿಗೂ ಸಿಗುತ್ತಾರೆ. ಅದನ್ನೇ ಹೊಸದಾಗಿ ತೆಗೆಯುತ್ತೇನೆ, ಆದರೆ ಅದರಲ್ಲಿರುವ ಜಾತಿ ಬೈಗುಳ, ಸಾಬರ ಮಾತನ್ನು ಅಣಕಿಸುವ ಹಾಸ್ಯ, ಕಳ್ಳ ಲಂಬಾಣಿಯ ಪಾತ್ರ, ಕುದುರೆ ಬೀಳಿಸುವ ದೃಶ್ಯ ಇವು ಯಾವುವೂ ಇರುವುದಿಲ್ಲ ಎಂದು ನಾನು ಹೇಳಿದಾಗ, ಇತಿಹಾಸವನ್ನು ತೊಳೆದು ಇಸ್ತ್ರಿ ಮಾಡಲು ಹೊರಟಿದ್ದೇನೆಂದು ಒಂದು ಗುಂಪು ನಕ್ಕಿತು, ಟಿಪ್ಪುವಿನ ಕಾಲದ ಯುದ್ಧದ ಗೊಡವೆಯೇ ಈಗ ಬೇಡವೆಂದು ಇನ್ನೊಂದು ಗುಂಪು ಬುದ್ಧಿ ಹೇಳಿತು. ಈಗ ಚಿತ್ರ ಮುಗಿದಿದೆ, ನಾಲ್ಕಾರು ಊರುಗಳಲ್ಲಿ ಪ್ರದರ್ಶನವಾಗಿದೆ, ಹಾಕಿದ ಹಣದ ದೊಡ್ಡ ಪಾಲು ಕೈಗೆ ಬಂದಿದೆ. ಆದ್ದರಿಂದ ಇದೇ ಕೆಲಸಕ್ಕೆ ಕೈಹಾಕುವ ಗೆಳೆಯರಿಗಾಗಿ ನಾನು ಮಾಡಿದ ರೀತಿಯನ್ನು ಬರೆದಿಡುತ್ತಿದ್ದೇನೆ.

ಹಕ್ಕಿನ ವಿಷಯ ಬೇಗ ಮುಗಿಯಿತು. ಹಳೆಯ ಸಂಭಾಷಣೆ ಬರೆದವರು ತೀರಿಕೊಂಡಿದ್ದರು. ಅವರ ಮನೆಯವರಿಗೆ ಹದಿನೈದು ಸಾವಿರದಷ್ಟು ಕೊಟ್ಟು, ಛಾಪಾ ಕಾಗದದ ಮೇಲೆ ಬರೆಸಿಕೊಂಡು, ಕೈಬರಹದ ಪ್ರತಿಯನ್ನು ತಂದೆ. ನಿಜವಾದ ಕೆಲಸ ಆರಂಭವಾದದ್ದು ಆ ಪ್ರತಿಯ ಮೇಲೆ ಬಣ್ಣದ ಪೆನ್ಸಿಲ್ ಹಿಡಿದು ಕುಳಿತಾಗ. ದಾಖಲೆಯಲ್ಲಿ ಇರುವುದಕ್ಕೆ ಕೆಂಪು, ಜನರ ಬಾಯಲ್ಲಿ ಉಳಿದ ಕಥೆಗೆ ನೀಲಿ, ಸಂಭಾಷಣೆ ಬರೆದವರು ತಾವಾಗಿ ಸೇರಿಸಿದ್ದಕ್ಕೆ ಕಪ್ಪು. ಈ ಗೆರೆಗಳನ್ನು ಎಳೆದು ಮುಗಿಸಿದ ಮೇಲೆ ಕಂಡದ್ದೇ ನನ್ನ ಇಡೀ ಚಿತ್ರದ ಬಂಡವಾಳ: ಇಂದಿನ ಜನ ನೊಂದುಕೊಳ್ಳುವಂಥ ಸಂಗತಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪು ಗೆರೆಯಲ್ಲಿದ್ದವು. ಅವು 1791ಕ್ಕೆ ಸೇರಿದವಲ್ಲ, ಹಳೆಯ ಚಿತ್ರ ತೆಗೆದ ಕಾಲಕ್ಕೆ ಸೇರಿದವು. ಅವನ್ನು ತೆಗೆದರೆ ಇತಿಹಾಸಕ್ಕೆ ಏನೂ ಕಡಿಮೆಯಾಗುವುದಿಲ್ಲ, ಬದಲಿಗೆ ಇತಿಹಾಸ ಒಳಗೆ ಬರಲು ಜಾಗವಾಗುತ್ತದೆ.

ಕುದುರೆಯ ದೃಶ್ಯವನ್ನೇ ನೋಡಿ. ಹಳೆಯ ಚಿತ್ರದಲ್ಲಿ ಕೋಟೆಯ ಬಾಗಿಲಿಗೆ ನುಗ್ಗುವ ಕುದುರೆಗಳ ಕಾಲಿಗೆ ಹಗ್ಗ ಅಡ್ಡ ಎಳೆದು ಬೀಳಿಸಿದ್ದರು. ಹಾಲಿವುಡ್ಡಿನಲ್ಲಿಯೂ 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರಕ್ಕಾಗಿ ಮುಂಗಾಲಿಗೆ ತಂತಿ ಕಟ್ಟಿ ಕುದುರೆಗಳನ್ನು ಕೆಡವಿ ಕೊಂದದ್ದು ದೊಡ್ಡ ಗಲಾಟೆಯಾಗಿತ್ತು. ನಮ್ಮಲ್ಲಿ 2001ರ ನಿಯಮಗಳ ಪ್ರಕಾರ ಪ್ರಾಣಿಗಳನ್ನು ಚಿತ್ರದಲ್ಲಿ ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಆದರೆ ಇವೆಲ್ಲ ಬರುವುದಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಸುಲ್ತಾನಪೇಟೆಯ ಕಡೆಯಿಂದ ಬೆಟ್ಟ ಹತ್ತಿದವರಾರಿಗಾದರೂ ಗೊತ್ತಿರುವಂತೆ, ಆ ಬಂಡೆಯ ಇಳಿಜಾರಿನಲ್ಲಿ ಕುದುರೆ ದಾಳಿ ನಡೆಯುವುದು ಹೇಗೆ? ದಾಖಲೆಯಲ್ಲಿರುವುದು ಕಾಲಾಳುಗಳ ರಾತ್ರಿ ದಾಳಿ. ಇಂಗ್ಲಿಷರ ಮೇಜರ್ ಗೌಡಿ ಸುಮಾರು ಮೂರು ವಾರ ಮುತ್ತಿಗೆ ಹಾಕಿ, ತೋಪುಗಳನ್ನು ಎಳೆಯಲು ಬೆಟ್ಟದಲ್ಲಿ ದಾರಿ ಕಡಿಸಿ, ಗೋಡೆ ಒಡೆಸಿದ ಮೇಲೆ ಜನರಲ್ ಮೆಡೋಸ್‌ನ ಮುಂದಾಳತ್ವದಲ್ಲಿ ಅಕ್ಟೋಬರ್ 19ರ ಬೆಳಗಿನ ಜಾವ ಬೆಳದಿಂಗಳಲ್ಲಿ ಕೋಟೆ ಬಿತ್ತು. ಒಳಗಿದ್ದವರ ದೊಡ್ಡ ಆಯುಧ ಮೇಲಿಂದ ಉರುಳಿಸಿದ ಬಂಡೆಗಳು. ಹೀಗೆ ಕುದುರೆ ಹೋಯಿತು, ದಿನಕ್ಕೆ ಐದಾರು ಸಾವಿರ ಕೇಳುತ್ತಿದ್ದ ಮೆರವಣಿಗೆ ಕುದುರೆಗಳ ಬಾಡಿಗೆಯೂ ಉಳಿಯಿತು, ದೃಶ್ಯವೂ ನಿಜಕ್ಕೆ ಹತ್ತಿರವಾಯಿತು.

ಲಂಬಾಣಿಯ ಪಾತ್ರವೂ ಹೀಗೆಯೇ. ಹಳೆಯ ಚಿತ್ರದಲ್ಲಿ ಅವನು ಕೋಟೆಯ ಗುಟ್ಟನ್ನು ಇಂಗ್ಲಿಷರಿಗೆ ಮಾರುವ ಕಳ್ಳ. 1791ರ ಮೇ ತಿಂಗಳಲ್ಲಿ ಎತ್ತುಗಳು ಸತ್ತು, ದವಸ ಮುಗಿದು, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹಿಂದಿರುಗಿದ್ದನ್ನು ಓದಿದವರಿಗೆ, ಆ ಯುದ್ಧದಲ್ಲಿ ಹೇರೆತ್ತುಗಳ ಮೇಲೆ ದವಸ ತರುತ್ತಿದ್ದ ಬಂಜಾರರ, ಅಂದರೆ ಲಂಬಾಣಿಗಳ, ಬೆಲೆ ಏನೆಂದು ಗೊತ್ತು. ಅವರಿಲ್ಲದೆ ಯಾವ ಪಕ್ಷದ ಸೈನ್ಯವೂ ನಡೆಯುತ್ತಿರಲಿಲ್ಲ. ನಾನು ಹೊಸದಾಗಿ ಬರೆದ ದೃಶ್ಯವನ್ನು ಬಾಗೇಪಲ್ಲಿ ಕಡೆಯ ಒಂದು ತಾಂಡಾದಲ್ಲಿ ಓದಿ ತೋರಿಸಿದೆ. ತಾಂಡಾದ ನಾಯಕರು ಕೊನೆಯವರೆಗೆ ಕೇಳಿ, “ಒಳ್ಳೆಯವನನ್ನಾಗಿ ಮಾಡಿದ್ದೀರಿ, ಸಂತೋಷ ಸ್ವಾಮಿ. ಆದರೆ ನಮ್ಮವನು ದವಸಕ್ಕೆ ರೇಟು ಮಾತಾಡದೆ ಹಾಗೇ ಕೊಟ್ಟುಬಿಡುತ್ತಾನಾ?” ಎಂದರು. ಆ ಮಾತಿನಿಂದ ಹುಟ್ಟಿದ ಚೌಕಾಸಿಯ ದೃಶ್ಯಕ್ಕೆ ಪ್ರತಿ ಪ್ರದರ್ಶನದಲ್ಲಿಯೂ ಚಪ್ಪಾಳೆ ಬೀಳುತ್ತದೆ. ದೃಶ್ಯಕ್ಕೆ ಬೇಕಾದ ಆರು ಎತ್ತುಗಳಿಗೆ ಅನುಮತಿ ಪಡೆಯಲು ಅಲೆದದ್ದೇ ಬೇರೊಂದು ಕಥೆ. ಅರ್ಜಿ, ಪಶುವೈದ್ಯರ ಪ್ರಮಾಣಪತ್ರ, ಓಡಾಟ ಸೇರಿ ಎಂಟು ಹತ್ತು ಸಾವಿರ ಖರ್ಚಾಯಿತು. ಎತ್ತುಗಳು ಹಳ್ಳಿಕಾರ್ ತಳಿಯವು. ಬಂಜಾರರ ಹೇರೆತ್ತುಗಳು ಇಷ್ಟು ಎತ್ತರವಾಗಿ, ನಯವಾಗಿ ಇರುತ್ತಿರಲಿಲ್ಲ ಎಂದು ದನ ಬಲ್ಲವರು ಹೇಳಿದರೆ ನಾನು ವಾದಿಸುವುದಿಲ್ಲ.

ಹಾಸ್ಯದ ಪಾತ್ರವೊಂದು ಮಾತ್ರ ಬಹಳ ಕಾಡಿತು, ಏಕೆಂದರೆ ಹಣ ಅದಕ್ಕೆ ಅಂಟಿಕೊಂಡಿತ್ತು. ರೇಷ್ಮೆ ನೂಲು ತೆಗೆಸುವ ಶಿಡ್ಲಘಟ್ಟದ ಒಬ್ಬ ರೀಲರ್ ಒಂದು ಲಕ್ಷ ಕೊಡುವುದಾಗಿ ಒಪ್ಪಿದ್ದರು. ಕನ್ನಡವನ್ನು ತಪ್ಪು ತಪ್ಪಾಗಿ ಆಡಿ ನಗಿಸುವ ಮುಸ್ಲಿಂ ಅಡುಗೆಯವನ ಪಾತ್ರವನ್ನು ತೆಗೆದಿದ್ದೇನೆಂದು ತಿಳಿದ ಮೇಲೆ, “ಅದೊಂದಕ್ಕೇ ಅಲ್ಲವೇನಪ್ಪಾ ಜನ ಕ್ಯಾಸೆಟ್ ಕೊಂಡಿದ್ದು” ಎಂದು ಹಿಂದೆ ಸರಿದರು. ನಾನು ಆ ಪಾತ್ರವನ್ನು ಪೂರ್ತಿ ಕಿತ್ತುಹಾಕಿರಲಿಲ್ಲ. ಟಿಪ್ಪುವಿನ ಸರ್ಕಾರದ ಬರಹ ಪಾರಸಿಯಲ್ಲಿ, ಪಾಳೆಯದ ಮಾತು ದಖನಿ, ಕನ್ನಡ, ತೆಲುಗುಗಳಲ್ಲಿ ನಡೆಯುತ್ತಿದ್ದಾಗ, ನಮ್ಮ ಚಿತ್ರದಲ್ಲಿ ಎಲ್ಲರೂ ಗ್ರಾಂಥಿಕ ಕನ್ನಡ ಮಾತನಾಡಿ ಒಬ್ಬನೇ ಅಡುಗೆಯವನು ತಡವರಿಸುವುದು ಯಾವ ಇತಿಹಾಸ? ಚಿಂತಾಮಣಿಯ ಒಬ್ಬ ಉರ್ದು ಶಿಕ್ಷಕಿಯವರು ಅವನ ಮಾತನ್ನೆಲ್ಲ ಒಳ್ಳೆಯ ದಖನಿಯಲ್ಲಿ ಬರೆದುಕೊಟ್ಟರು. ಈಗ ಅವನು ತೆಲುಗಿನ ಸಿಪಾಯಿಯನ್ನೂ ತೋಪು ಹಾರಿಸುವ ಕನ್ನಡದ ಗೋಲಂದಾಜನನ್ನೂ ಅವರವರ ಮಾತಿನಲ್ಲೇ ರೇಗಿಸುತ್ತಾನೆ. ನಗು ಹಾಗೆಯೇ ಇದೆ, ನಗಿಸುವವನು ಮಾತ್ರ ಅವನೇ ಆಗಿದ್ದಾನೆ. ಮೂರು ಮಾತಿನ ಸೀಮೆಯಾದ ನಮ್ಮ ಜಿಲ್ಲೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇಷ್ಟೆಲ್ಲ ಸುಲಭದ ಭಾಗ. ಕೆಂಪು ಗೆರೆಯಲ್ಲೇ, ಅಂದರೆ ನಡೆದದ್ದರಲ್ಲೇ, ಇಂದಿನ ಮನಸ್ಸಿಗೆ ಚುಚ್ಚುವುದು ಇದ್ದರೆ ಏನು ಮಾಡಬೇಕು? ಈ ಚರ್ಚೆ ಬಂದಾಗಲೆಲ್ಲ 1955ರ ‘ದಿ ಡ್ಯಾಮ್ ಬಸ್ಟರ್ಸ್’ ಚಿತ್ರದ ನಾಯಿಯ ಮಾತು ಬರುತ್ತದೆ. 1943ರಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿ ನಡೆಸಿದ ಬ್ರಿಟಿಷ್ ವಾಯುಪಡೆಯ ಗೈ ಗಿಬ್ಸನ್ ತನ್ನ ಕಪ್ಪು ನಾಯಿಗೆ ಕರಿಯರನ್ನು ಹೀಗಳೆಯುವ ಹೆಸರನ್ನಿಟ್ಟಿದ್ದ, ಅಣೆಕಟ್ಟು ಒಡೆದ ಸಂಕೇತಕ್ಕೂ ಅದೇ ಪದವಿತ್ತು. ಆ ಚಿತ್ರವನ್ನು ಮತ್ತೆ ತೆಗೆಯುವ ಪ್ರಸ್ತಾಪ ಬಂದಾಗ ಹೆಸರನ್ನು ಬದಲಿಸಬೇಕೆಂದು ಕೆಲವರು, ಬದಲಿಸಿದರೆ ಇತಿಹಾಸದ್ರೋಹವೆಂದು ಕೆಲವರು ವಾದಿಸಿದರು. ನನಗೆ ಆಶ್ಚರ್ಯವಾಗುವುದು ಬೇರೆಯದೇ. ಮೂಲ ಚಿತ್ರ ತಯಾರಾದಾಗ ಆ ದಾಳಿಗೆ ಬಳಸಿದ ಬಾಂಬಿನ ನಿಜವಾದ ಆಕಾರ ಇನ್ನೂ ಸರ್ಕಾರದ ರಹಸ್ಯವಾಗಿದ್ದುದರಿಂದ ಪರದೆಯ ಮೇಲೆ ತಪ್ಪು ಆಕಾರವನ್ನೇ ತೋರಿಸಿದ್ದರು. ಆ ದಾಳಿಯಲ್ಲಿ ಒಡೆದ ಮೋಹ್ನೆ ಅಣೆಕಟ್ಟಿನ ಕೆಳಗೆ ಕೊಚ್ಚಿಹೋದವರಲ್ಲಿ ಸೋವಿಯತ್ ದೇಶದಿಂದ ಹಿಡಿದು ತಂದಿದ್ದ ಜೀತದಾಳು ಹೆಂಗಸರು ನೂರಾರು ಮಂದಿ ಇದ್ದರು. ನಿಖರತೆಯ ಹೆಸರಿನಲ್ಲಿ ನಾಯಿಯ ಹೆಸರಿಗೆ ಪಟ್ಟು ಹಿಡಿದವರಲ್ಲಿ ಆ ಹೆಂಗಸರನ್ನೂ ತೋರಿಸಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನಗೆ ಎದುರಾದ ಅಂಥ ಜಾಗ, ತೋಪು ಎಳೆಯುವ ಕೂಲಿಯಾಳುಗಳ ದೃಶ್ಯ. ಹಳೆಯ ಚಿತ್ರದಲ್ಲಿ ಸುಬೇದಾರನೊಬ್ಬ ಅವರನ್ನು ಜಾತಿ ಹಿಡಿದು ಬೈಯುತ್ತಾನೆ, ಪ್ರೇಕ್ಷಕರು ನಗುತ್ತಾರೆ. ಬೈಗುಳ ಉಳಿಸಿದರೆ ಆ ನಗು ಮತ್ತೆ ಬರುತ್ತದೆ. ಕಾನೂನಿನ ಭಯವನ್ನು ಪಕ್ಕಕ್ಕಿಟ್ಟರೂ ಆ ನಗುವಿಗಾಗಿ ನಾನು ಹಣ ಹಾಕಲಾರೆ. ಪೂರ್ತಿ ತೆಗೆದುಹಾಕಿದರೆ, ಹದಿನೆಂಟನೆಯ ಶತಮಾನದ ಪಾಳೆಯದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡರೆಂದು ತೋರಿಸುವ ಸುಳ್ಳಾಗುತ್ತದೆ. ಬೀಪ್ ಹಾಕಿ ನೋಡಿದೆವು; ಬೀಪ್ ಬಂದ ಕೂಡಲೇ ಪ್ರೇಕ್ಷಕರು ಆ ಪದವನ್ನು ತಾವೇ ಗಟ್ಟಿಯಾಗಿ ಹೇಳಿಕೊಂಡು ನಕ್ಕರು. ಕೊನೆಗೆ ದಾರಿ ತೋರಿಸಿದವನು ಕೂಲಿಯಾಳಿನ ಪಾತ್ರ ಮಾಡುತ್ತಿದ್ದ ಗೌರಿಬಿದನೂರು ಕಡೆಯ ಹುಡುಗ. “ಬೈಗುಳ ಬೇಡ ಸಾರ್. ನೀರನ್ನು ಎತ್ತರದಿಂದ ಬೊಗಸೆಗೆ ಸುರಿಯುವುದು ಇರಲಿ. ಅದನ್ನು ನಮ್ಮ ತಾತ ಕುಡಿದವರು” ಎಂದ. ದೃಶ್ಯದಲ್ಲಿ ಈಗ ಮಾತೇ ಇಲ್ಲ. ತೋಪನ್ನು ಮೇಲಕ್ಕೆ ತಂದ ಕೈಗಳಿಗೆ ಮೊಳದೆತ್ತರದಿಂದ ನೀರು ಬೀಳುತ್ತದೆ, ಅರ್ಧ ನೆಲಕ್ಕೆ ಹೋಗುತ್ತದೆ. ಕ್ಯಾಮೆರಾ ಕುಡಿಯುವವನ ಕಡೆಯಿಂದ ಸುರಿಯುವವನನ್ನು ನೋಡುತ್ತದೆ. ಯಾವ ಊರಿನಲ್ಲಿಯೂ ಆ ಹೊತ್ತಿಗೆ ಯಾರೂ ನಕ್ಕಿಲ್ಲ, ಇತಿಹಾಸವನ್ನು ಇಸ್ತ್ರಿ ಮಾಡಿದ್ದೇನೆಂದೂ ಯಾರೂ ಹೇಳಿಲ್ಲ.

ನೀಲಿ ಗೆರೆಯಲ್ಲಿ ದೊಡ್ಡದು ಟಿಪ್ಪು ಡ್ರಾಪ್. ಕೈದಿಗಳನ್ನು ಆ ಪ್ರಪಾತದಿಂದ ತಳ್ಳುತ್ತಿದ್ದರೆಂಬ ಮಾತನ್ನು ಬೆಟ್ಟಕ್ಕೆ ಬಂದವರಿಗೆಲ್ಲ ಹೇಳುತ್ತಾರೆ, ಹಳೆಯ ಚಿತ್ರದಲ್ಲಿ ಒಬ್ಬನನ್ನು ಕುಣಿಕುಣಿದು ತಳ್ಳಿದ್ದರು. ನಾನು ಅದನ್ನು ತೋರಿಸಲೂ ಇಲ್ಲ, ಮುಚ್ಚಲೂ ಇಲ್ಲ. ಮುತ್ತಿಗೆ ಹಾಕಿದ ಸಿಪಾಯಿಗಳು ರಾತ್ರಿ ಬೆಂಕಿಯ ಮುಂದೆ ಕುಳಿತು ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುವ ಕಥೆಯಾಗಿ ಬರುತ್ತದೆ. ಒಬ್ಬ ನಂಬುತ್ತಾನೆ, ಇನ್ನೊಬ್ಬ ನಂಬುವುದಿಲ್ಲ. ಎರಡೂ ಕಡೆಯ ಪ್ರೇಕ್ಷಕರಿಂದ ಆಕ್ಷೇಪ ಬಂದೀತೆಂದು ಕಾದಿದ್ದೆ, ಬರಲಿಲ್ಲ.

ಇನ್ನು ಸಾಮಗ್ರಿಯ ವಿಷಯ. ಬೆಟ್ಟದ ಕೋಟೆಯಲ್ಲಿ ಚಿತ್ರೀಕರಣದ ಶುಲ್ಕ, ಪ್ರವಾಸಿಗಳ ಗದ್ದಲ ಎರಡೂ ನಮ್ಮ ಶಕ್ತಿಗೆ ಮೀರಿದವಾದ್ದರಿಂದ ಮಂಚೇನಹಳ್ಳಿ ದಾರಿಯ ಒಂದು ಬೋಳುಗುಡ್ಡವನ್ನು ಹಿಡಿದೆವು. ಉರುಳುವ ಬಂಡೆಗಳಿಗೆ ಮೊದಲು ಥರ್ಮಾಕೋಲ್ ತಂದೆವು. ಗಾಳಿ ಬೀಸಿದರೆ ಬಂಡೆಗಳು ಇಳಿಯುವ ಬದಲು ಮೇಲಕ್ಕೆ ಹಾರುತ್ತಿದ್ದವು, ಹನ್ನೆರಡು ಸಾವಿರ ರೂಪಾಯಿ ಕಣ್ಣೆದುರೇ ತೂರಿಹೋಯಿತು. ಅನಂತರ ತಿಪಟೂರಿನಿಂದ ತೆಂಗಿನ ನಾರು ತರಿಸಿ, ಕೋಳಿಗೂಡಿನ ಜಾಲರಿಯೊಳಗೆ ತುಂಬಿ, ಮೇಲೆ ಕಾಗದದ ಹಿಟ್ಟು ಬಳಿದೆವು. ಆರೇಳು ಕೆ.ಜಿ. ತೂಗಿದರೆ ಉರುಳುವುದು ಸರಿಯಾಗಿ ಕಾಣುತ್ತದೆ, ತಗುಲಿದವನಿಗೆ ಪೆಟ್ಟೂ ಆಗುವುದಿಲ್ಲ. ನೆಲಕ್ಕೆ ಬಡಿದಾಗ ಪುಟಿಯದಂತೆ ಒಳಗೆ ಹಾಕುವ ವಸ್ತು ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಟಿಪ್ಪುವಿನ ಸೈನ್ಯದ ರಾಕೆಟ್ಟುಗಳ ಹಿಂದೆ ಹೋಗಿ ಸಾಕಷ್ಟು ಹೊತ್ತು ಕಳೆದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಮಿಕ್ಕಿ ರಾಕೆಟ್ ಕೊಳವೆಗಳು ಸಿಕ್ಕಾಗ ಬಂದ ಚಿತ್ರಗಳನ್ನು ನೋಡಿ, ಗೇಣುದ್ದದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಬಿದಿರು, ಇಷ್ಟನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಮದ್ದು ತುಂಬುವ ಮಾತೇ ಇರಲಿಲ್ಲ. ಹೊಗೆಬತ್ತಿ ಕಟ್ಟಿ ತಂತಿಯ ಮೇಲೆ ಓಡಿಸಿದರೆ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಜಾರಿದಂತೆ ಕಾಣುತ್ತಿತ್ತು, ಒಮ್ಮೆ ಬಾದೆಹುಲ್ಲಿಗೆ ಕಿಡಿ ಹಾರಿ ಎಲ್ಲರೂ ಗೋಣಿಚೀಲ ಹಿಡಿದು ಓಡಬೇಕಾಯಿತು. ಕಡೆಗೆ ಕೈಯಲ್ಲಿ ಹಿಡಿದಿರುವುದನ್ನು ಮಾತ್ರ ತೆಗೆದು, ಹಾರಾಟವನ್ನು ಕಂಪ್ಯೂಟರಿನಲ್ಲಿ ಮಾಡಿಸಿದೆವು. ಇಂಗ್ಲಿಷ್ ಸೈನ್ಯದ ಕೆಂಪು ಕೋಟುಗಳಿಗೆ ಹಳೆಯ ಚಿತ್ರದಂತೆ ಸ್ಯಾಟಿನ್ ಬಳಸದೆ ಒರಟು ಹತ್ತಿಯನ್ನು ಇಟ್ಟಿಗೆಯ ಬಣ್ಣಕ್ಕೆ ಇಳಿಸಿದೆವು, ಚಹಾಪುಡಿಯ ಜೊತೆ ಇನ್ನೊಂದು ಸೇರಿಸಿದರೆ ಬಣ್ಣ ಒಗೆದರೂ ನಿಲ್ಲುತ್ತದೆ.

ಪ್ರದರ್ಶನದ ಆರಂಭದಲ್ಲಿ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲವೆಂಬ ದೊಡ್ಡ ಬರಹ ಹಾಕಿದ್ದೆ; ಅದನ್ನು ಓದುತ್ತಲೇ ಜನ ಎಲ್ಲಿ ನೋಯುತ್ತದೆಂದು ಹುಡುಕತೊಡಗಿದರು. ಅದನ್ನು ತೆಗೆದು, ಬದಲಿಗೆ ಹಳೆಯ ಚಿತ್ರದ ಎರಡು ನಿಮಿಷವನ್ನು ತೋರಿಸಿ ಹೊಸದನ್ನು ಆರಂಭಿಸಿದೆ. ಈ ಉಪಾಯ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹಳೆಯ ಚಿತ್ರದಲ್ಲಿ ಕಿಲ್ಲೇದಾರ ಲುತ್ಫ್ ಅಲಿ ಬೇಗನ ಪಾತ್ರ ಮಾಡಿದ್ದ ಹಿರಿಯ ಕಲಾವಿದರು, “ಶಿಳ್ಳೆ ಬೀಳದ ಯುದ್ಧ ಯಾರಿಗೆ ಬೇಕಯ್ಯಾ” ಎಂದು ತಾಲೀಮಿಗೂ ಬಾರದೆ ಕುಳಿತಿದ್ದವರು, ಮೊದಲ ಪ್ರದರ್ಶನ ನೋಡಿ ಮುಂದಿನ ಊರಿಗೆ ತಾವೇ ಬಂದು ಮೈಕ್ ಹಿಡಿದರು.

ಒಟ್ಟು ಖರ್ಚು ನಾಲ್ಕು ಮುಕ್ಕಾಲು ಲಕ್ಷದ ಆಸುಪಾಸು. ಅದರಲ್ಲಿ ಊಟ, ವಾಹನಗಳೇ ಒಂದೂವರೆ ಲಕ್ಷ ನುಂಗಿದವು, ಕ್ಯಾಮೆರಾ ಬಾಡಿಗೆ ತೊಂಬತ್ತು ಸಾವಿರದಷ್ಟು. ಸೆನ್ಸಾರ್ ಪ್ರಮಾಣಪತ್ರವಿಲ್ಲದೆ ಸಾರ್ವಜನಿಕವಾಗಿ ತೋರಿಸುವಂತಿಲ್ಲವಾದ್ದರಿಂದ ಆಹ್ವಾನಿತರಿಗಷ್ಟೇ ತೋರಿಸಿ, ಬಾಗಿಲಲ್ಲಿ ಡಬ್ಬಿಯಿಟ್ಟೆವು. ಡಬ್ಬಿಯಿಂದಲೂ ಊರಿನವರ ವಂತಿಗೆಯಿಂದಲೂ ಮೂರು ಲಕ್ಷದ ಮೇಲೆ ಬಂದಿದೆ. ಉಳಿದದ್ದು ಕೋಟುಗಳಿಂದ ಬರುತ್ತಿದೆ: ಶಾಲೆಗಳ ವಾರ್ಷಿಕೋತ್ಸವಕ್ಕೆ ದಿನಕ್ಕೆ ಎಂಬತ್ತು ರೂಪಾಯಿಯಂತೆ ಕೊಡುತ್ತೇನೆ, ಗುಂಡಿ ಕಿತ್ತುಹೋದರೆ ಬೇರೆ. ಬಂಡೆಗಳನ್ನೂ ಬಾಡಿಗೆಗೆ ಕೊಡುತ್ತೇನೆ, ಆದರೆ ಸೀಳಿ ಒಳಗೇನಿದೆ ಎಂದು ನೋಡುವುದಿಲ್ಲವೆಂದು ಒಪ್ಪಿಕೊಂಡವರಿಗೆ ಮಾತ್ರ.