ಮಿಕ್ಸಿ ಮನೆಯಲ್ಲೇ ಬಿಡಿ, ಚಟ್ನಿಗೆ ನೀರು ಕಡಿಮೆ ಹಾಕಿ

ಜನವರಿಯಲ್ಲಿ ರಜೆಗೆ ಚಿಂತಾಮಣಿಗೆ ಬಂದರೆ ನಮ್ಮ ಮನೆ ಜಗಲಿ ಮೇಲೆ ನನಗೆ ಎರಡೇ ಕೆಲಸ. ಬೆಳಗ್ಗೆ ಅವರೆಕಾಯಿ ಸುಲಿಯುವುದು, ಸಾಯಂಕಾಲ ಅಮೆರಿಕಕ್ಕೆ ಹೊರಟ ಹುಡುಗ ಹುಡುಗಿಯರಿಗೆ ಉತ್ತರ ಹೇಳುವುದು. "ಅಕ್ಕಾ, ಅಲ್ಲಿ ತಿನ್ನೋಕೆ ಏನು ಸಿಗುತ್ತೆ?" ಎಂದು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕೇಳುತ್ತಾರೆ. ನಾನು ನ್ಯೂಜೆರ್ಸಿಗೆ ಹೋದಾಗ ಚಿಂತಾಮಣಿ ಇನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರಕ್ಕೆ ಸೇರಿದ್ದು 2007ರಲ್ಲಿ. ಅಷ್ಟು ಹಳಬಳು ಅಂತ ನನ್ನನ್ನೇ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ಅಮ್ಮ ಕೊಡುವ ಮಿಕ್ಸಿ ಒಯ್ಯಬೇಡಿ. ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ತಿರುಗಿದರೂ ರುಬ್ಬುವಷ್ಟು ಬಲ ಇರುವುದಿಲ್ಲ. ಅಲ್ಲಿನ ಎತ್ತರದ ಬ್ಲೆಂಡರಿನಲ್ಲಿ ಒಂದು ಹಿಡಿ ಚಟ್ನಿ ರುಬ್ಬಲಾಗದು, ಎಲ್ಲ ಗೋಡೆಗೆ ಅಂಟಿಕೊಳ್ಳುತ್ತದೆ. ಇಂಡಿಯನ್ ಅಂಗಡಿಗಳಲ್ಲಿ ಅಲ್ಲಿನ ಕರೆಂಟಿಗೇ ಮಾಡಿದ ನಮ್ಮ ಮಿಕ್ಸಿ ಸಿಗುತ್ತದೆ. ಮೊದಲ ಸಂಬಳದಲ್ಲಿ ಅದನ್ನೇ ಕೊಳ್ಳಿ. ಹಸಿ ಕರಿಬೇವೂ ಬೇಡ, ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ. ಹುರಿದು ಮಾಡಿದ ಚಟ್ನಿಪುಡಿ ಒಯ್ಯಿರಿ. ತಿನ್ನುವ ವಸ್ತು ಇದೆ ಎಂದು ಕಸ್ಟಮ್ಸ್‌ನಲ್ಲಿ ಮಾತ್ರ ಮುಚ್ಚಿಡಬೇಡಿ.

ಅಂಗಡಿಯಲ್ಲಿ ಪದಾರ್ಥಕ್ಕಿಂತ ಹೆಸರೇ ಕಷ್ಟ. ನ್ಯೂಜೆರ್ಸಿಯ ಎಡಿಸನ್ ಊರಿನ ಓಕ್ ಟ್ರೀ ರೋಡ್ ಉದ್ದಕ್ಕೂ ನಮ್ಮ ದೇಶದವರ ಅಂಗಡಿಗಳೇ, ಆದರೆ ಪೊಟ್ಟಣದ ಮೇಲೆ ಗುಜರಾತಿ ಹೆಸರು. ಹುರಿಗಡಲೆಗೆ ದಾಳಿಯಾ ಅಥವಾ ದಾರಿಯಾ ಅನ್ನುತ್ತಾರೆ. ಗೋಧಿ ನುಚ್ಚಿಗೂ ದಲಿಯಾ! ಹೆಸರು ನೋಡಿ ತಂದು, ಮನೆಗೆ ಬಂದು ಬಿಚ್ಚಿದರೆ ನುಚ್ಚು. ಒಂದು ವಾರ ಉಪ್ಪಿಟ್ಟು ತಿಂದೆವು. ಅವರೆಕಾಳು ಫ್ರೀಜರಿನಲ್ಲಿ "ಸುರ್ತಿ ಪಾಪ್ಡಿ ಲಿಲ್ವಾ" ಎಂಬ ಹೆಸರಿನಲ್ಲಿರುತ್ತದೆ. "ತೂವರ್ ಲಿಲ್ವಾ" ಎಂದಿದ್ದರೆ ಅದು ಹಸಿ ತೊಗರಿಕಾಳು. ಹುಚ್ಚೆಳ್ಳು ದೊಡ್ಡ ಅಂಗಡಿಗಳಲ್ಲಿ ಮೂಟೆಗಟ್ಟಲೆ ಕಾಣುತ್ತದೆ, ಆಸೆಪಡಬೇಡಿ, ಅದು ಹಕ್ಕಿಗೆ ಹಾಕುವ ಕಾಳು. ಇಥಿಯೋಪಿಯಾದವರ ಅಂಗಡಿ ಇದ್ದರೆ ನೂಗ್ ಎಂದು ಕೇಳಿ. ಅವರೂ ಹುಚ್ಚೆಳ್ಳು ತಿನ್ನುವ ಜನ.

ಇನ್ನು ಆಫೀಸಿನ ಪಾಟ್‌ಲಕ್. ಎಲ್ಲರೂ ಒಂದೊಂದು ತಿಂಡಿ ತರುವ ಊಟ. ನಮಗೆ ಸಸ್ಯಾಹಾರ ಅಂದರೆ ಹಾಲು, ಮೊಸರು, ತುಪ್ಪ ಸೇರಿಯೇ ಅಲ್ವಾ? ಅಲ್ಲಿ ವೀಗನ್ ಎಂದರೆ ಇವು ಯಾವುವೂ ಇಲ್ಲ, ಜೇನೂ ಇಲ್ಲ. ನಾನು ಮೊದಲ ಸಲ ತೆಂಗಿನಕಾಯಿ ಚಟ್ನಿ ಒಯ್ದು, "ಹೌದು, ವೀಗನ್ನೇ" ಎಂದುಬಿಟ್ಟೆ. ಒಗ್ಗರಣೆ ತುಪ್ಪದ್ದು ಎಂದು ನೆನಪಾಗುವಷ್ಟರಲ್ಲಿ ಪಾಪ ಒಬ್ಬಳು ತಿಂದಾಗಿತ್ತು. ಕ್ಷಮೆ ಕೇಳಿದೆ. ಚಟ್ನಿಯೂ ನೀರಾಗಿತ್ತು. ಕ್ಯಾರೆಟ್ ಅದ್ದಿದವರ ತೋಳಿನ ಮೇಲೆಲ್ಲ ಹರಿಯಿತು.

ಅಲ್ಲಿಂದ ಹುರಿಗಡಲೆಯದೇ ಮಾಡುತ್ತೇನೆ. ಒಂದು ಲೋಟ ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಹಿಡಿ, ಹಸಿಮೆಣಸಿನಕಾಯಿ ನಾಲ್ಕು, ಬೆಳ್ಳುಳ್ಳಿ ಎರಡು ಎಸಳು, ಚೂರು ಹುಣಸೆಹಣ್ಣು, ಉಪ್ಪು. ಮೊದಲು ನೀರಿಲ್ಲದೆ ಪುಡಿ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು. ಹುರಿಗಡಲೆ ಇಟ್ಟಷ್ಟೂ ನೀರು ಹೀರುತ್ತದೆ. ಹಾಗಾಗಿ ಬೇಕಾದ ಹದಕ್ಕಿಂತ ಒಂದು ಚೂರು ತೆಳ್ಳಗಿರುವಾಗಲೇ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಒಗ್ಗರಣೆ ಎಣ್ಣೆಯಲ್ಲೇ ಕೊಡಿ. ಕಿಟಕಿ ತೆಗೆದಿಡಿ, ಒಣಮೆಣಸಿನಕಾಯಿ ಕೊನೆಗೆ ಹಾಕಿ. ಇಲ್ಲದಿದ್ದರೆ ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಅಪಾರ್ಟ್‌ಮೆಂಟಿಗೆ ನಿಮ್ಮ ಚಟ್ನಿಯ ಸುದ್ದಿ ಗೊತ್ತಾಗುತ್ತದೆ.

ಅಲ್ಲಿನವರು ಹಮ್ಮಸ್ ಅನ್ನುವುದೂ ಇದರ ನೆಂಟನೇ. ಕಾಬೂಲಿ ಕಡಲೆ ರಾತ್ರಿ ನೆನೆಸಿ, ಬೇಯಿಸುವಾಗ ಒಂದು ಚಿಟಿಕೆ ಅಡುಗೆ ಸೋಡ ಹಾಕಿದರೆ ಸಿಪ್ಪೆ ಸಮೇತ ಬೆಣ್ಣೆಯಂತಾಗುತ್ತದೆ. ಬಿಸಿಯಿರುವಾಗಲೇ ರುಬ್ಬಿ, ನಿಂಬೆರಸ, ಬೆಳ್ಳುಳ್ಳಿ, ಬಿಳಿ ಎಳ್ಳಿನ ಪೇಸ್ಟ್, ಎರಡು ಚಮಚ ತಣ್ಣೀರು ಸೇರಿಸಿ. ಪೇಸ್ಟನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಬಿಳಿ ಎಳ್ಳನ್ನು ಕೆಂಪಾಗದಂತೆ ಬೆಚ್ಚಗೆ ಹುರಿದು, ಸ್ವಲ್ಪ ಎಣ್ಣೆ ಹಾಕಿ ರುಬ್ಬಿದರೆ ಆಯಿತು. ಡಬ್ಬಿಯ ಮೇಲೆ ಕಡಲೆಕಾಯಿ, ಎಳ್ಳು ಇದೆಯೆಂದು ಚೀಟಿ ಅಂಟಿಸಿ. ಕೆಲವರಿಗೆ ಅವುಗಳ ಅಲರ್ಜಿ ಇರುತ್ತದೆ, ತಿಂದರೆ ಪ್ರಾಣಕ್ಕೇ ಬರುತ್ತದೆ. ಅಂಗಡಿಯ ಪೊಟ್ಟಣದ ಮೇಲೂ ಎಳ್ಳಿನ ಹೆಸರು ಇರಲೇಬೇಕೆಂದು 2023ರಿಂದ ಅಲ್ಲಿ ಕಾನೂನಿದೆ.

ನಿಪ್ಪಟ್ಟಿಗೆ ಬೆಣ್ಣೆ ಬದಲು ಕಾದ ಎಣ್ಣೆ ಹಾಕಿ, ಅಷ್ಟೇ ಗರಿಗರಿ. ಅಕ್ಕಿಹಿಟ್ಟು ಮಾತ್ರ ನೋಡಿ ತನ್ನಿ. "ಗ್ಲುಟಿನಸ್" ಎಂದಿರುವ ಹಿಟ್ಟಾದರೆ ಅಂಟಂಟು. ಓವನ್ನಿನಲ್ಲಿ ಬೇಯಿಸಿ ನೋಡಿದ್ದೇನೆ. ಚೆನ್ನಾಗಿರುತ್ತದೆ, ನಿಪ್ಪಟ್ಟಲ್ಲ ಅಷ್ಟೇ.

ಎಲ್ಲಕ್ಕಿಂತ ನನಗಿಷ್ಟ ಹಿತಕಿದ ಬೇಳೆಯದು. ಫ್ರೀಜರಿನ ಅವರೆಕಾಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಬೆರಳಿಗೆ ಸಲೀಸಾಗಿ ಸಿಪ್ಪೆ ಬಿಡುತ್ತದೆ. ಅರ್ಧ ಬೇಳೆಯನ್ನು ಮೆತ್ತಗೆ ಬೇಯಿಸಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ, ಎರಡು ಚಮಚ ಕಡಲೆಕಾಯಿ ಎಣ್ಣೆಯ ಜೊತೆ ರುಬ್ಬಿ. ಉಳಿದರ್ಧವನ್ನು ಬಟ್ಟೆ ಮೇಲೆ ಪೂರ್ತಿ ಆರಿಸಿ ಕರಿಯಿರಿ, ತೇವವಿದ್ದರೆ ಎಣ್ಣೆ ಸಿಡಿಯುತ್ತದೆ. ಕರಿದ ಬೇಳೆಗೆ ಉಪ್ಪು, ಖಾರದಪುಡಿ ಬೆರೆಸಿ, ರುಬ್ಬಿದ್ದರ ಮೇಲೆ ಉದುರಿಸಿ. ಫ್ರಿಡ್ಜಿನಲ್ಲಿ ಮೂರು ದಿನ ಇಡಬಹುದು, ಉಳಿದರೆ.

ಸೊಗಡು ಮಾತ್ರ ಫ್ರೀಜರಿನ ಕಾಳಿಗೆ ಇಲ್ಲ. ಅದಕ್ಕೆ ನನ್ನ ಹತ್ತಿರವೂ ಉಪಾಯವಿಲ್ಲ. ಜನವರಿಗೇ ರಜೆ ಹಾಕಿ ಬರುತ್ತೇನೆ.