ಗಿಟಾರಿನ ಮೇಲೆ ಸರಳೆ ವರಸೆ: ನನ್ನ ಅಭ್ಯಾಸದ ಕ್ರಮ

ಗಿಟಾರ್ ಮನೆಗೆ ಬಂದ ದಿನವೇ ಅದನ್ನು ಬ್ಯಾಗಿನಿಂದ ತೆಗೆದು ನಡುಮನೆಯ ಮೂಲೆಯಲ್ಲಿ ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಅಭ್ಯಾಸ ರೂಢಿಯಾದದ್ದರಲ್ಲಿ ಇದರ ಪಾಲು ದೊಡ್ಡದು ಎಂದು ಈಗಲೂ ನಂಬುತ್ತೇನೆ. ಕೆಲಸ ಮುಗಿಸಿ ದಣಿದು ಬಂದವನಿಗೆ ಜಿಪ್ ಬಿಚ್ಚಿ ವಾದ್ಯ ಹೊರತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಕಣ್ಣೆದುರಿಗೇ ಇದ್ದರೆ, ಅನ್ನಕ್ಕೆ ಇಟ್ಟ ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸುತ್ತು ನುಡಿಸಿ ಮುಗಿದಿರುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಮಾತ್ರ ಇಡಬಾರದು. ಮಳೆಗಾಲದಲ್ಲಿ ಲೋಹದ ತಂತಿಗಳು ಬೇಗ ತುಕ್ಕು ಹಿಡಿಯುವುದರಿಂದ, ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸಿಡುವುದೂ ಅಭ್ಯಾಸದ ಭಾಗವೇ ಆಯಿತು.

ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಇದು ನನ್ನ ಹೊತ್ತು. ವಾರವೆಲ್ಲ ಬಿಟ್ಟು ಭಾನುವಾರ ಮೂರು ಗಂಟೆ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಉಕ್ಕಿನ ತಂತಿಯ ಮೇಲೆ ಹೊಸಬರ ಬೆರಳ ತುದಿ ಬೇಗ ಉರಿಯತೊಡಗುತ್ತದೆ. ನೋಯುವ ಬೆರಳು ತಂತಿಯನ್ನು ಅರೆಬರೆ ಒತ್ತುತ್ತದೆ, ಕೈ ಆ ಅರೆಬರೆಯನ್ನೇ ಕಲಿತುಬಿಡುತ್ತದೆ. ದಿನವೂ ಸ್ವಲ್ಪ ಸ್ವಲ್ಪ ನುಡಿಸಿದರೆ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ತುದಿಯ ಉರಿ ಸಹಜ. ಆದರೆ ಮಣಿಕಟ್ಟಿನಲ್ಲೋ ಹೆಬ್ಬೆರಳಿನ ಬುಡದಲ್ಲೋ ನೋವು ಕಾಣಿಸಿಕೊಂಡರೆ ಆ ಹೊತ್ತಿಗೆ ವಾದ್ಯ ಕೆಳಗಿಡಬೇಕು. ತಂತಿಯನ್ನು ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಮನೆಯ) ಲೋಹದ ಪಟ್ಟಿಗೆ ತೀರ ಹತ್ತಿರದಲ್ಲಿ, ಅದರ ಹಿಂದೆಯೇ ಒತ್ತಿದರೆ ಅರ್ಧ ಬಲ ಸಾಕು. ಇದನ್ನು ಮೊದಲ ವಾರದಲ್ಲೇ ಕೈಗೆ ಹತ್ತಿಸಿಕೊಳ್ಳಲೇಬೇಕು.

ಇನ್ನು ನುಡಿಸುವುದು ಏನನ್ನು? ಹೊಸಬರಿಗೆ ಸಾಮಾನ್ಯವಾಗಿ ಕೊಡುವ ಮೊದಲ ಕಸರತ್ತು ಒಂದು, ಎರಡು, ಮೂರು, ನಾಲ್ಕನೆಯ ಫ್ರೆಟ್‌ಗಳನ್ನು ಸಾಲಾಗಿ ಒತ್ತುತ್ತ ಆರೂ ತಂತಿಗಳ ಮೇಲೆ ಹೋಗಿಬರುವುದು. ಬೆರಳಿಗೆ ಅದು ಒಳ್ಳೆಯದೇ, ಆದರೆ ಕಿವಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಬಾಲ್ಯದಲ್ಲಿ ಅಮ್ಮನ ಬಳಿ ಕರ್ನಾಟಕ ಸಂಗೀತದ ಮೊದಲ ಸ್ವರಪಾಠಗಳಾದ ಸರಳೆ, ಜಂಟಿ ವರಸೆಗಳನ್ನು ಹಾಡಿಕೊಂಡವನು ನಾನು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಆ ಪಾಠಗಳನ್ನೇ ಗಿಟಾರಿನ ಮೇಲೆ ಹುಡುಕಿದೆ. ತೀರ ತೆಳುವಾದ ತಂತಿಯನ್ನು ಒಂದನೆಯದೆಂದು ಎಣಿಸಿ, ಐದನೆಯ ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರವನ್ನು ಷಡ್ಜವಾಗಿ, ಅಂದರೆ ‘ಸ’ ಆಗಿ, ಇಟ್ಟುಕೊಂಡರೆ ಆ ಪಾಠಗಳ ರಾಗವಾದ ಮಾಯಾಮಾಳವಗೌಳ ಇಡೀ ಮೊದಲ ನಾಲ್ಕು ಫ್ರೆಟ್‌ಗಳೊಳಗೇ ಸಿಗುತ್ತದೆ. ಅದೇ ತಂತಿಯ ಒಂದನೆಯ ಫ್ರೆಟ್‌ನಲ್ಲಿ ಶುದ್ಧ ಋಷಭ, ನಾಲ್ಕನೆಯದರಲ್ಲಿ ಅಂತರ ಗಾಂಧಾರ. ನಾಲ್ಕನೆಯ ತಂತಿ ಖಾಲಿಯಾಗಿ ಶುದ್ಧ ಮಧ್ಯಮ, ಎರಡನೆಯ ಫ್ರೆಟ್‌ನಲ್ಲಿ ಪಂಚಮ, ಮೂರನೆಯದರಲ್ಲಿ ಶುದ್ಧ ಧೈವತ. ಮೂರನೆಯ ತಂತಿಯ ಒಂದನೆಯ ಫ್ರೆಟ್ ಕಾಕಲಿ ನಿಷಾದ, ಎರಡನೆಯದು ತಾರ ಷಡ್ಜ. ಫ್ರೆಟ್‌ಗೊಂದು ಬೆರಳು ಎಂಬ ನಿಯಮ ಇಟ್ಟುಕೊಂಡರೆ ಗಾಂಧಾರಕ್ಕೆ ಕಿರುಬೆರಳೇ ಬೇಕು, ಧೈವತಕ್ಕೆ ಉಂಗುರಬೆರಳೇ ಬೇಕು. ನಾಲ್ಕೂ ಬೆರಳು ದುಡಿಯುತ್ತವೆ, ಸೋಮಾರಿ ಕಿರುಬೆರಳಿಗೂ ರಜೆಯಿಲ್ಲ.

ಇದರ ದೊಡ್ಡ ಲಾಭ ಕಿವಿಯದು. ಧಾಟಿ ಗೊತ್ತಿರುವುದರಿಂದ ಒಂದು ಸ್ವರ ಜಾರಿದರೂ ಆ ಕ್ಷಣವೇ ತಿಳಿಯುತ್ತದೆ, ಪಕ್ಕದಲ್ಲಿ ಕೂತು ಯಾರೂ ಹೇಳಬೇಕಿಲ್ಲ. ಎರಡನೆಯ ಲಾಭ ಕಾಲದ್ದು, ಅಂದರೆ ವೇಗದ್ದು. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ತಾಳದ ನಡೆ ಮಾತ್ರ ಕದಲುವುದಿಲ್ಲ. ಮೊಬೈಲಿನ ಮೆಟ್ರೋನೋಮನ್ನು (ಲಯಕ್ಕೆ ಟಿಕ್ ಟಿಕ್ ಎನ್ನುವ ಆ್ಯಪ್) ನಿಮಿಷಕ್ಕೆ 50 ಎಣಿಕೆಗೆ ಇಟ್ಟು, ಮೊದಲ ಕಾಲವನ್ನು ತಂತಿ ಗಿಜಿಗುಡದಂತೆ, ಸ್ವರ ಸ್ವರಕ್ಕೆ ಕೂಡಿಕೊಂಡಂತೆ ನುಡಿಸುವುದು ಸುಲಭವಲ್ಲ. ನಿಧಾನದಲ್ಲಿ ತಪ್ಪು ಅಡಗಿಕೊಳ್ಳಲು ಜಾಗವಿರುವುದಿಲ್ಲ. ಎರಡನೆಯ ಕಾಲದಿಂದ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗಬೇಕು. ಒಂದು ಕಾಲ ಸ್ವಚ್ಛವಾಗುವ ತನಕ ಮುಂದಿನದಕ್ಕೆ ನಾನು ಕೈಹಾಕುವುದಿಲ್ಲ.

ಕಾರ್ಡ್‌ಗಳ, ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛಗಳ, ವಿಷಯಕ್ಕೆ ಬಂದರೆ, ಪ್ರತಿ ಕಾರ್ಡ್ ಬಿಡಿಬಿಡಿಯಾಗಿ ಯಾರಿಗಾದರೂ ಬರುತ್ತದೆ. ಹಾಡು ಮುರಿಯುವುದು ಒಂದರಿಂದ ಇನ್ನೊಂದಕ್ಕೆ ಹೋಗುವಾಗ. ಆದ್ದರಿಂದ ನನ್ನ ಅಭ್ಯಾಸದ ಅರ್ಧ ಹೊತ್ತು ಆ ನಡುವಿನ ಜಾಗಕ್ಕೇ ಮೀಸಲು. ಎರಡೇ ಕಾರ್ಡ್ ತೆಗೆದುಕೊಂಡು, ಯಾವ ಬೆರಳು ಏಳಬೇಕು, ಯಾವುದು ಕೂತಲ್ಲೇ ಇರಬಹುದು ಎಂದು ಮೊದಲು ನೋಡುತ್ತೇನೆ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗುವಾಗ ತೋರುಬೆರಳು, ನಡುಬೆರಳು ಅಲುಗಬೇಕಿಲ್ಲ. ಉಂಗುರಬೆರಳೊಂದು ಮೂರನೆಯ ತಂತಿಯಿಂದ ಐದನೆಯದಕ್ಕೆ, ಮೂರನೆಯ ಫ್ರೆಟ್‌ಗೆ ಹೋದರೆ ಸಾಕು. ಇ ಮೇಜರ್‌ನಿಂದ ಎ ಮೈನರ್‌ಗೆ ಮೂರು ಬೆರಳೂ ಅದೇ ಆಕಾರದಲ್ಲಿ ಒಂದೊಂದು ತಂತಿ ಸರಿಯುತ್ತವೆ. ಸಿ ಇಂದ ಜಿ ಎಲ್ಲರನ್ನೂ ಕಾಡುತ್ತದೆ. ಅಲ್ಲಿ ಜಿ ಕಾರ್ಡನ್ನು ಉಂಗುರಬೆರಳು ಆರನೆಯ ತಂತಿಯ ಮೇಲೆ, ನಡುಬೆರಳು ಐದನೆಯದರ ಮೇಲೆ, ಕಿರುಬೆರಳು ಒಂದನೆಯದರ ಮೇಲೆ ಬರುವಂತೆ ಹಿಡಿದೆ. ಆಗ ಸಿ ಕಾರ್ಡ್‌ನ ಎರಡು ಬೆರಳುಗಳು ಜೊತೆಯಾಗಿಯೇ ಒಂದು ತಂತಿ ಮೇಲಕ್ಕೆ ಹೋಗುತ್ತವೆ, ಕಿರುಬೆರಳು ಮಾತ್ರ ಹೊಸದಾಗಿ ಇಳಿಯುತ್ತದೆ. ವರಸೆ ನುಡಿಸಿ ಪಳಗಿದ ಕಿರುಬೆರಳು ಇಲ್ಲಿ ಉಪಯೋಗಕ್ಕೆ ಬಂತು. ಬಲಗೈಯ ಲಯ ಮಾತ್ರ ಎಂಥ ಸ್ಥಿತಿಯಲ್ಲೂ ನಿಲ್ಲಬಾರದು. ಎಡಗೈ ತಲುಪದಿದ್ದರೆ ಖಾಲಿ ತಂತಿಯನ್ನೇ ಮೀಟಿ, ತಾಳ ಕಾಯ್ದುಕೊಳ್ಳುವುದು ಮೇಲು.

ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದು ಹಾಡನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ. ನುಡಿಸುವಾಗ ಮನಸ್ಸು ಬೆರಳಿನ ಮೇಲಿರುತ್ತದೆ, ಲಯ ಓಡಿದ್ದು ಆಮೇಲೆ ಕೇಳಿದಾಗಲೇ ತಿಳಿಯುತ್ತದೆ. ಓಡಿದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಶುರು ಮಾಡುತ್ತೇನೆ. ಇಡೀ ಹಾಡನ್ನು ಮೊದಲಿಂದ ಮತ್ತೆ ಮತ್ತೆ ನುಡಿಸಿದರೆ ಬರುವ ಭಾಗವೇ ಇನ್ನಷ್ಟು ಚೆನ್ನಾಗುತ್ತದೆ, ಬಾರದ್ದು ಅಲ್ಲೇ ಉಳಿಯುತ್ತದೆ.

ಸದ್ಯ ಎಫ್ ಬಾರ್ ಕಾರ್ಡ್ (ತೋರುಬೆರಳನ್ನು ಎಲ್ಲ ತಂತಿಗಳಿಗೂ ಅಡ್ಡ ಹಾಕಿ ಒತ್ತುವ ಕಾರ್ಡ್) ಮೇಲೆ ಕೆಲಸ ನಡೆಯುತ್ತಿದೆ. ಮೊದಲ ಫ್ರೆಟ್‌ನಲ್ಲಿ ತಂತಿ ಹೆಚ್ಚು ಬಿಗಿಯೆನಿಸುವುದರಿಂದ ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿಯುವುದರಿಂದ ಆರಂಭಿಸಿ, ಎಲ್ಲ ತಂತಿಯೂ ಸ್ಪಷ್ಟವಾಗಿ ಕೇಳಿದ ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ಬರುತ್ತಿದ್ದೇನೆ. ಈಗ ಎರಡನೆಯ ಫ್ರೆಟ್‌ನಲ್ಲಿದ್ದೇನೆ. ಎರಡನೆಯ ತಂತಿ ಇನ್ನೂ ಮಂಕು. ತೋರುಬೆರಳನ್ನು ಅಂಗಾತ ಒತ್ತದೆ, ಹೆಬ್ಬೆರಳಿನ ಕಡೆಯ ಗಟ್ಟಿ ಅಂಚಿಗೆ ತುಸು ಹೊರಳಿಸಿದಾಗ ಅದೂ ಬಾಯಿಬಿಡುತ್ತದೆ.