ಹೂಮಳೆಗೆ ಮೈನಸ್ ಕೊಟ್ಟ ಮಾಡೆಲ್ ಕೊನೆಗೂ ದಾರಿಗೆ ಬಂತು

ಸಕಲೇಶಪುರದ ಕಡೆಯ ರೋಬಸ್ಟಾ ಕಾಫಿ ತೋಟವೊಂದಕ್ಕೆ ಫಸಲಿನ ಅಂದಾಜು ಕೊಡಬೇಕಿತ್ತು. ಕೈಯಲ್ಲಿದ್ದದ್ದು ಸುಮಾರು 19 ವರ್ಷದ ಲೆಕ್ಕ: ಹೂಮಳೆ (ಹೂ ಅರಳಿಸುವ ಮಳೆ), ಬ್ಯಾಕಿಂಗ್ ಮಳೆ (ಅದರ ಬೆನ್ನಿಗೆ ಬಂದು ಕಾಯಿ ಕಚ್ಚಲು ನೆರವಾಗುವ ಮಳೆ), ಮಾರ್ಚ್ ಬಿಸಿಲು, ತೇವಾಂಶ, ಹಿಂದಿನ ವರ್ಷದ ಫಸಲು. ಮಳೆ ಬಂದರೆ ತೇವ ಏರುತ್ತೆ, ಬಿಸಿಲು ಇಳಿಯುತ್ತೆ; ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ. ಒಂದು ಕಾಲಮ್ ಉಳಿದವುಗಳ ಜೊತೆ ಎಷ್ಟು ಹೆಣೆದುಕೊಂಡಿದೆ ಎಂದು ಅಳೆಯುವ ವಿಐಎಫ್, ತೇವಾಂಶಕ್ಕೆ 40ರ ಆಸುಪಾಸು, ಅಂದರೆ ವಿಪರೀತ. ತಪ್ಪುಗಳ ವರ್ಗದ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆ ಕೂರಿಸುವ ಸಾದಾ ಲೀಸ್ಟ್ ಸ್ಕ್ವೇರ್ಸ್ ಹೂಮಳೆಗೆ ಮೈನಸ್ ಗುಣಾಂಕ (ಫಸಲಿನ ಮೇಲೆ ಅದರ ಪರಿಣಾಮದ ಅಂಕಿ) ಕೊಟ್ಟಿತು. ಯಜಮಾನರು ಹಾಳೆ ನೋಡಿ, "ಮಳೆ ಬಿದ್ರೆ ಕಾಯಿ ಕಚ್ಚಲ್ಲ ಅಂತೀರಲ್ಲ ಸಾರ್?" ಅಂದರು. ಬರಬೇಕಿದ್ದ 40 ಸಾವಿರದಲ್ಲಿ ಅರ್ಧ ಅಲ್ಲೇ ನಿಂತಿತು.

ತೇವಾಂಶ ಕೈಬಿಟ್ಟೆ. ಆದರೂ ಹೂಮಳೆಯ ಚಿಹ್ನೆ ನಿಲ್ಲಲಿಲ್ಲ: ಲೆಕ್ಕದಿಂದ ಒಂದು ವರ್ಷ ತೆಗೆದರೆ ಪ್ಲಸ್, ಇನ್ನೊಂದು ತೆಗೆದರೆ ಮೈನಸ್. 12 ಸಾವಿರ ಸುರಿದು ಪಕ್ಕದೂರಿನ ಹವಾಮಾನದ ಲೆಕ್ಕ ಕೊಂಡೆ. ಅದೇ ಮೋಡ, ಅದೇ ಮಳೆ, ಹಗ್ಗಕ್ಕೆ ಇನ್ನೆರಡು ದನ ಸೇರಿದವು ಅಷ್ಟೆ.

ಹೋರ್ಲ್ ಮತ್ತು ಕೆನಾರ್ಡ್ 1970ರಲ್ಲಿ ಕೊಟ್ಟ ರಿಡ್ಜ್‌ಗೆ ಬಂದೆ; ಗುಣಾಂಕಗಳು ಹುಚ್ಚಾಪಟ್ಟೆ ಹಾರದಂತೆ ಅವನ್ನು ಸೊನ್ನೆಯ ಕಡೆ ಎಳೆದಿಡುವ ವಿಧಾನ ಅದು. "ಗೊತ್ತಿದ್ದೂ ಬಯಾಸ್, ಅಂದ್ರೆ ಒಂದೇ ಕಡೆಗೆ ವಾಲುವ ತಪ್ಪು, ಸೇರಿಸ್ತೀಯಾ?" ಎಂದು ಜೊತೆಯವರು ತಡೆದರು. ಚಿಹ್ನೆ ಸರಿಹೋಯಿತು. ಆದರೆ ಬರಗಾಲದ ವರ್ಷವೂ ಭರ್ಜರಿ ವರ್ಷವೂ ಸರಾಸರಿಗೇ ಅಂಟಿಕೊಂಡವು. ಎಲ್ಲವನ್ನೂ ಸೊನ್ನೆಯ ಕಡೆ ಎಳೆದರೆ ಆಗುವುದೇ ಅದು.

ಹೂಮಳೆಯ ಪರಿಣಾಮ ಸೊನ್ನೆ ಎಂದು ನಂಬುವ ಬೆಳೆಗಾರ ಒಬ್ಬನೂ ಇಲ್ಲ. ಮತ್ತೆ ಸೊನ್ನೆಯ ಕಡೆಗೇ ಯಾಕೆ ಎಳೆಯಬೇಕು? ಸಂಖ್ಯಾಶಾಸ್ತ್ರಜ್ಞ ಸ್ವಿಂಡೆಲ್ 1976ರಲ್ಲೇ ದಾರಿ ತೋರಿಸಿದ್ದಾರೆ: ಸೊನ್ನೆಯ ಬದಲು ಮೊದಲೇ ಗೊತ್ತಿರುವ ಅಂದಾಜಿನ ಕಡೆ ಎಳೆಯುವುದು. ಬೆಳೆಗಾರರ ಅನುಭವದಿಂದ ಒಂದು ಪ್ರಯರ್ (ಮುಂಚಿನ ಅಂದಾಜಿನ) ಗುಣಾಂಕ ಕಟ್ಟಿ, ಅದು ಹೇಳುವ ಫಸಲನ್ನು ನಿಜವಾದ ಫಸಲಿನಿಂದ ಕಳೆದೆ. ಉಳಿದದ್ದಕ್ಕೆ ರಿಡ್ಜ್ ಹಾಕಿ, ಬಂದ ಗುಣಾಂಕಕ್ಕೆ ಪ್ರಯರ್ ಮರಳಿ ಕೂಡಿಸಿದೆ. ಎಳೆತದ ಬಲ, ಅಂದರೆ ಕೆ, ಎಷ್ಟೆಂಬುದನ್ನು ಒಂದೊಂದೇ ವರ್ಷ ಹೊರಗಿಟ್ಟು, ಆ ವರ್ಷದ ಫಸಲನ್ನು ಯಾವುದು ಚೆನ್ನಾಗಿ ಹೇಳುತ್ತದೆಂದು ನೋಡಿ ಆರಿಸಿದೆ. ಸ್ಕೇಲಿಂಗನ್ನೂ (ಕಾಲಮ್‌ಗಳನ್ನು ಒಂದೇ ಅಳತೆಗೆ ತರುವುದನ್ನೂ) ಪ್ರತಿ ಸಲ ಹೊಸದಾಗಿ ಮಾಡಬೇಕು. ಹೊರಗಿಡುವ ವರ್ಷವನ್ನೂ ಸೇರಿಸಿ ಮೊದಲೇ ಒಟ್ಟಿಗೆ ಮಾಡಿ ಎರಡು ವಾರ ಸುಳ್ಳು ಫಲಿತಾಂಶಕ್ಕೆ ಖುಷಿಪಟ್ಟಿದ್ದೆ.

ಬೆಳೆಗಾರರ ಮಾತನ್ನು ಗುಣಾಂಕ ಮಾಡಿದ್ದು ಹೇಗೆಂದು ಇಲ್ಲಿ ಬರೆಯಲ್ಲ, ನನ್ನ ಅನ್ನ ಅದರಲ್ಲಿದೆ. ಫಸಲಿನ ಪುಸ್ತಕ ತೆರೆಯುವ ಮುಂಚೆಯೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ, ಇಷ್ಟು ಹೇಳಬಲ್ಲೆ.

ಪ್ರಯರ್ ತಪ್ಪಿದ್ದರೆ? ಹೀಗೆ ಹೆಣೆದುಕೊಂಡ ಕಾಲಮ್‌ಗಳಿಗೆ ಹೆಸರಾದ, ಲಾಂಗ್ಲಿಯ 1967ರ ಡೇಟಾದಲ್ಲಿ (ಅಮೆರಿಕದ ಉದ್ಯೋಗದ ಲೆಕ್ಕ, 16 ವರ್ಷ, 6 ಕಾಲಮ್) ಪ್ರಯರ್‌ಗೆ ಬೇಕೆಂದೇ ಉಲ್ಟಾ ಚಿಹ್ನೆ ಕೊಟ್ಟು ನೋಡಿದೆ. ಕೆ ತಾನಾಗಿ ಸೊನ್ನೆಯ ಹತ್ತಿರ ಕುಸಿಯಿತು, ಅಂದರೆ ತಪ್ಪು ಪ್ರಯರ್‌ನ ಮಾತನ್ನು ಲೆಕ್ಕ ಹೆಚ್ಚುಕಡಿಮೆ ಕೇಳಲೇ ಇಲ್ಲ. ಅಂದು ರಾತ್ರಿ ಧೈರ್ಯವಾಗಿ ಮಲಗಿದೆ.

ಸಕಲೇಶಪುರದ ತೋಟದಲ್ಲಿ, ಎಕರೆಗೆ ನಾಲ್ಕೂವರೆ ಮೂಟೆ ಇದ್ದ ಅಂದಾಜಿನ ತಪ್ಪು ಬರೀ ರಿಡ್ಜ್‌ನಲ್ಲಿ ಮೂರಕ್ಕೆ, ಪ್ರಯರ್ ಜೊತೆ ಎರಡರ ಸುತ್ತ ಇಳಿಯಿತು. ಕಳೆದ ಸೀಸನ್‌ಗೆ ಎಕರೆಗೆ 22 ಮೂಟೆ ಅಂದಿದ್ದೆ, 23 ಚಿಲ್ಲರೆ ಬಂತು. ಉಳಿದ 20 ಸಾವಿರವೂ ಬಂತು, ಪಕ್ಕದ ತೋಟದ ಲೆಕ್ಕದ ಪುಸ್ತಕವೂ ಬಂತು. ಅಲ್ಲಿ ಸ್ಪ್ರಿಂಕ್ಲರ್ ಇದೆ. ಆ ನೀರನ್ನು ಹೂಮಳೆಗೆ ಕೂಡಿಸಬೇಕೋ ಬೇರೆ ಕಾಲಮ್ ಮಾಡಬೇಕೋ ಎಂದು ಈಗ ಎರಡೂ ಮಾಡಿ ನೋಡುತ್ತಿದ್ದೇನೆ.